ಟ್ರೈನಿ ಅಂದಮಾತ್ರಕ್ಕೆ ಪರಿಹಾರ ತಪ್ಪುವುದಿಲ್ಲ

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಐಟಿಐ ಮುಗಿಸಿದ ಮಕ್ಕಳು ಕಂಪನಿ ಬಸ್ಸು ಹತ್ತಿ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ಪ್ರೆಸ್ ಮೆಷಿನ್ನಿಗೆ ಬೆರಳು ಸಿಕ್ಕಿದಾಗ ಕಿವಿಗೆ ಬೀಳುವ ಮಾತು, ‘ನೀನಿನ್ನೂ ಟ್ರೈನಿ, ಪರಿಹಾರ ಬರಲ್ಲ’. ನಂಬಬೇಡಿ.

1961ರ ಅಪ್ರೆಂಟಿಸ್ ಕಾಯ್ದೆಯ 16ನೇ ಕಲಂ ಪ್ರಕಾರ, ತರಬೇತಿಯ ವೇಳೆ ತರಬೇತಿಯ ಕಾರಣಕ್ಕೇ ಆದ ಗಾಯಕ್ಕೆ ಮಾಲೀಕರೇ ಪರಿಹಾರ ಕೊಡಬೇಕು. ಲೆಕ್ಕ ಹಾಕುವುದು ಕಾರ್ಮಿಕರ ಪರಿಹಾರದ ಕಾನೂನಿನಂತೆ. 2025ರವರೆಗೆ ಜಾರಿಯಲ್ಲಿದ್ದ 1923ರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿ ಶೇ 30, ತೋರುಬೆರಳಾದರೆ ಶೇ 14ರಷ್ಟು ನಷ್ಟ ಎಂದಿತ್ತು. ಅಪ್ರೆಂಟಿಸ್ ಒಪ್ಪಂದವಿಲ್ಲದೆ ಬರೀ ಟ್ರೈನಿ ಎಂದು ಸೇರಿಸಿಕೊಂಡಿದ್ದರೆ ಇಎಸ್‌ಐ ಅನ್ವಯಿಸಬಹುದು; ಸಂಬಳದ ಚೀಟಿಯಲ್ಲಿ ಕಡಿತವಿದೆಯೇ ನೋಡಿ.

ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದೆ’ ಎಂದು ಬರೆಸಲು ಯಾರಾದರೂ ಮೆಲ್ಲಗೆ ಹೇಳಬಹುದು. ಎಷ್ಟೋ ಕೇಸು ಬಿದ್ದುಹೋಗುವುದು ಅಲ್ಲೇ. ಎಲ್ಲಿ, ಯಾವ ಮೆಷಿನ್, ಎಷ್ಟು ಗಂಟೆ ಎಂಬುದನ್ನೇ ಬರೆಸಿ. ಖಾಲಿ ಹಾಳೆಗೆ ಸಹಿ ಬೇಡ. ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡರೂ ಅದು ಕಾನೂನಿನ ಮುಂದೆ ನಿಲ್ಲದು. ಅರ್ಜಿ ಹಾಕಲು 2 ವರ್ಷ ಗಡುವು. ವಕೀಲರಿಗೆ ದುಡ್ಡಿಲ್ಲವೇ? ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಅಲ್ಲಿ ನೆರವು ಉಚಿತ.