ಶ್ರವಣಾತೀತ ಧ್ವನಿಯಿಂದ ಯಂತ್ರಭಾಗಗಳ ಶುದ್ಧಿ

ಯಂತ್ರವು ಕೆಡುವುದಕ್ಕೆ ದೊಡ್ಡ ಪೆಟ್ಟೇ ಬೀಳಬೇಕೆಂದಿಲ್ಲ. ಕಣ್ಣಿಗೆ ಕಾಣದ ಒಂದು ಲೋಹದ ಹುಡಿ ಸಾಕು. ಡೀಸೆಲ್ ಎಂಜಿನ್ನಿನೊಳಗೆ ಇಂಧನವನ್ನು ಸಿಂಪಡಿಸುವ ನಾಜಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಮೈಕೋ ಎಂದೇ ಮನೆಮಾತಾಗಿದ್ದ, 2008ರಿಂದ ಬಾಷ್ ಎಂಬ ಹೆಸರನ್ನು ಪಡೆದಿರುವ ಸಂಸ್ಥೆಯು ಪ್ರಸಿದ್ಧವಾದುದು ಇಂತಹ ಉಪಕರಣಗಳಿಂದಲೇ. ನಾಜಲಿನ ತುದಿಯ ರಂಧ್ರಗಳ ಅಗಲವು ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಮಾತ್ರ. ಒಳಗಿನ ಸೂಜಿಗೂ ಅದು ಸರಿದಾಡುವ ಗೂಡಿಗೂ ನಡುವಣ ಎಡೆಯಾದರೋ ಕೆಲವೇ ಮೈಕ್ರಾನುಗಳಷ್ಟು. ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆ. ತಯಾರಿಕೆಯ ಕಾಲದಲ್ಲಿ ಅಂಟಿದ ಎಣ್ಣೆಯ ಜಿಡ್ಡೋ ಸಾಣೆಯ ಪುಡಿಯೋ ಅಲ್ಲಿ ಉಳಿದುಹೋದರೆ ಸೂಜಿಯು ಸಿಕ್ಕಿಕೊಳ್ಳುವುದು, ಇಂಧನವು ಸರಿಯಾಗಿ ಚಿಮ್ಮದು, ಎಂಜಿನ್ನು ಕರಿಯ ಹೊಗೆಯನ್ನು ಕಾರುವುದು. ಅಂತಹ ಸ್ಥಳಕ್ಕೆ ಬ್ರಷ್ಷು ಹೋಗದು, ಬಟ್ಟೆ ಹೋಗದು, ಎಷ್ಟೇ ಪಳಗಿದ ಕೆಲಸಗಾರನ ಬೆರಳೂ ಹೋಗದು. ದ್ರವವು ಹೋಗುವುದು, ದ್ರವದ ಜೊತೆಯಲ್ಲಿ ಧ್ವನಿಯೂ ಹೋಗುವುದು. ಈ ಶುದ್ಧೀಕರಣ ವಿಧಾನಕ್ಕೆ ಇದೇ ಆಧಾರ.

ಕಿವಿಯಿಂದ ಗ್ರಹಿಸಲ್ಪಡುವ ಗುಣವೇ ಶಬ್ದವೆಂದು ತರ್ಕಶಾಸ್ತ್ರವು ಲಕ್ಷಣವನ್ನು ಹೇಳಿರುವುದರಿಂದ, ಕೇಳಿಸದ ಶಬ್ದವೆಂಬುದು ಶಾಸ್ತ್ರಜ್ಞರಿಗೆ ವಿರೋಧಾಭಾಸವಾಗಿ ತೋರಬಹುದು. ಭೌತವಿಜ್ಞಾನಕ್ಕಾದರೆ ಪದಾರ್ಥದ ಕಂಪನವೇ ಶಬ್ದ. ಕಿವಿಯು ಅದಕ್ಕೊಂದು ಸಾಕ್ಷಿ, ಅದೂ ಮಿತವಾದ ಸಾಕ್ಷಿ. ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ ಮಾತ್ರ ಮನುಷ್ಯನ ಕಿವಿಗೆ ಎಟುಕುವುದು. ಅದನ್ನು ಮೀರಿದುದು ಶ್ರವಣಾತೀತ ಧ್ವನಿ. ಕಾರ್ಖಾನೆಯವರು ಇದನ್ನು ಅಲ್ಟ್ರಾಸೋನಿಕ್ ಎನ್ನುವರು.

ಈ ವಿಧಾನದ ಮೂಲದಲ್ಲಿರುವ ಶಕ್ತಿಯು ಮೊದಲು ಶತ್ರುವಾಗಿಯೇ ಪರಿಚಯವಾಯಿತೆಂಬುದು ಸ್ವಾರಸ್ಯಕರ. 1890ರ ದಶಕದಲ್ಲಿ ಬ್ರಿಟಿಷರ ವೇಗದ ಹಡಗುಗಳ ಪ್ರೊಪೆಲ್ಲರುಗಳು ಅತಿ ರಭಸದಿಂದ ತಿರುಗಿದಾಗ ನಿರೀಕ್ಷಿಸಿದ ನೂಕುಬಲ ದೊರೆಯದಾಯಿತು. ಅಲಗುಗಳ ಬಳಿ ಒತ್ತಡವು ಕುಸಿದು ನೀರಿನಲ್ಲಿ ಪೊಳ್ಳುಗಳು ಉಂಟಾಗುತ್ತಿದ್ದುದೇ ಕಾರಣವೆಂದು ತಿಳಿದುಬಂದಿತು. ಆ ಪೊಳ್ಳುಗಳು ಮುಚ್ಚಿಕೊಳ್ಳುವ ಪೆಟ್ಟಿಗೆ ಗಟ್ಟಿ ಲೋಹವೂ ಹುಳು ತಿಂದಂತೆ ಸವೆಯುವುದು ಕಂಡಿತು. 1917ರಲ್ಲಿ ಲಾರ್ಡ್ ರೇಲಿಯು ಆ ಪೆಟ್ಟಿನ ಒತ್ತಡವನ್ನು ಗಣಿತದಿಂದ ನಿರೂಪಿಸಿದನು. ಅದೇ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಾನನು ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಸ್ಫಟಿಕದಿಂದ ಶ್ರವಣಾತೀತ ಧ್ವನಿಯನ್ನು ನೀರಿಗೆ ಹಾಯಿಸುತ್ತಿದ್ದನು. ಅದರ ದಾರಿಗೆ ಅಡ್ಡ ಬಂದ ಮೀನುಗಳು ಸತ್ತವು, ಕೈಯಿಟ್ಟರೆ ನೋವಾಯಿತು. ವಿದ್ಯುತ್ತು ಹಾಯಿಸಿದಾಗ ಹಿಗ್ಗಿ ಕುಗ್ಗುವ ಈ ಬಗೆಯ ಹರಳಿನ ಗುಣವನ್ನು ಕ್ಯೂರಿ ಸೋದರರು 1881ರಲ್ಲಿಯೇ ತೋರಿಸಿದ್ದರು. ಇಂದಿನ ಯಂತ್ರಗಳಲ್ಲಿ ಹರಳಿನ ಸ್ಥಾನವನ್ನು ವಿಶೇಷ ಸಿರಾಮಿಕ್ ಬಿಲ್ಲೆಗಳು ಪಡೆದಿವೆ.

ಉಕ್ಕಿನ ತೊಟ್ಟಿಯ ತಳಕ್ಕೆ ಈ ಬಿಲ್ಲೆಗಳನ್ನು ಬಿಗಿದಿರುವರು. ತೊಟ್ಟಿಯಲ್ಲಿ ನೀರು ಮತ್ತು ಮಾರ್ಜಕ. ಸೆಕೆಂಡಿಗೆ 40,000 ಸಾರಿ ತಳವು ಕಂಪಿಸಿದಾಗ ದ್ರವವು ಅಷ್ಟೇ ಸಾರಿ ಒತ್ತಲ್ಪಟ್ಟು ಅಷ್ಟೇ ಸಾರಿ ಎಳೆಯಲ್ಪಡುವುದು. ಎಳೆತದ ಕ್ಷಣದಲ್ಲಿ ದ್ರವವು ಹರಿದಂತಾಗಿ ಅಸಂಖ್ಯಾತ ಸೂಕ್ಷ್ಮ ಗುಳ್ಳೆಗಳು ಹುಟ್ಟುವುವು. ಒತ್ತಡದ ಕ್ಷಣದಲ್ಲಿ ಅವು ಒಮ್ಮೆಲೇ ಕುಸಿಯುವುವು. ಕುಸಿಯುವ ಗುಳ್ಳೆಯೊಳಗೆ ಉಷ್ಣತೆಯು ಸಾವಿರಾರು ಡಿಗ್ರಿಗೆ ಏರುವುದಾದರೂ ಅದು ಅತ್ಯಲ್ಪ ಸ್ಥಳದಲ್ಲಿ, ಅತ್ಯಲ್ಪ ಕಾಲ ಇರುವುದರಿಂದ ತೊಟ್ಟಿಯ ನೀರು ಕುದಿಯದು. ಲೋಹದ ಮೈಗೆ ಹತ್ತಿರವಿರುವ ಗುಳ್ಳೆಯು ಒಂದೇ ಕಡೆಯಿಂದ ಕುಸಿದು, ಸೂಜಿಯಂತಹ ಜಲಧಾರೆಯನ್ನು ಆ ಮೈಗೆ ಚಿಮ್ಮಿಸುವುದು. ಕೊಳೆಯನ್ನು ಕೀಳುವುದು ಇದೇ. ದ್ರವವು ತುಂಬಿಕೊಂಡ ಕುರುಡು ರಂಧ್ರ, ತಿರುಪಿನ ಗೆರೆ, ಹಲ್ಲುಚಕ್ರದ ಸಂದು ಎಲ್ಲೆಲ್ಲಿಯೂ ಈ ಕಾರ್ಯವು ಒಟ್ಟಿಗೆ ನಡೆಯುವುದರಿಂದ ಬಿಡಿಭಾಗಗಳ ಒಂದು ಬುಟ್ಟಿಯೇ ಕೆಲವು ನಿಮಿಷಗಳಲ್ಲಿ ಶುಚಿಯಾಗುವುದು. ಉಜ್ಜುವಿಕೆಯಿಂದ ಬೀಳುವ ಗೀರುಗಳ ಭಯವೂ ಇಲ್ಲ.

ಕಂಪನಸಂಖ್ಯೆಯನ್ನು ಆರಿಸುವುದರಲ್ಲಿ ಜಾಣತನ ಬೇಕು. ಸಂಖ್ಯೆ ಕಡಮೆಯಾದಷ್ಟೂ ಗುಳ್ಳೆ ದೊಡ್ಡದು, ಪೆಟ್ಟೂ ಬಲವಾದುದು. ಎಂಜಿನ್ನಿನ ಒರಟು ಭಾಗಗಳಿಗೆ 25,000 ಕಂಪನಗಳು ತಕ್ಕುವು; ನಯವಾದ ಭಾಗಗಳಿಗೆ 80,000ಕ್ಕೂ ಮೇಲ್ಪಟ್ಟುವನ್ನು ಬಳಸುವರು. ಸಿಲಿಕಾನ್ ಬಿಲ್ಲೆಗಳಿಗೆ ಹತ್ತು ಲಕ್ಷದ ಆಸುಪಾಸಿನವರೆಗೂ ಹೋಗುವರು.

ಈ ಪ್ರಯೋಜನಗಳಿಗಿಂತಲೂ ಹೆಚ್ಚಿನದೊಂದುಂಟು; ಬೆಲೆಪಟ್ಟಿಗಳಲ್ಲಿ ಅದು ಕಾಣುವುದಿಲ್ಲ. ಸಣ್ಣ ಕಾರ್ಯಾಗಾರಗಳಲ್ಲಿ ಹುಡುಗರು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ಮೊಣಕೈವರೆಗೆ ತೋಳನ್ನದ್ದಿ ಭಾಗಗಳನ್ನು ತೊಳೆಯುವುದು ಅಪರೂಪದ ದೃಶ್ಯವಲ್ಲ. ಚರ್ಮ ಬಿರಿಯುವುದು, ಆವಿಯಿಂದ ತಲೆ ಸುತ್ತುವುದು, ಒಂದು ಕಿಡಿ ಬಿದ್ದರೆ ಪ್ರಾಣಕ್ಕೇ ಸಂಚಕಾರ. ದೊಡ್ಡ ಕಾರ್ಖಾನೆಗಳಲ್ಲಿ ಜಿಡ್ಡು ತೆಗೆಯಲು ಬಳಸುತ್ತ ಬಂದ ಟ್ರೈಕ್ಲೋರೋಎಥಿಲೀನ್ ದ್ರವವು ಮನುಷ್ಯರಿಗೆ ಕ್ಯಾನ್ಸರ್ ತರುವಂತಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ನಿರ್ಣಯಿಸಿತು. ಸಿಎಫ್‌ಸಿ ಜಾತಿಯ ದ್ರವಗಳು ಓಜೋನ್ ಪದರವನ್ನು ಹಾಳುಮಾಡುವುವೆಂದು 1987ರ ಮಾಂಟ್ರಿಯಲ್ ಒಪ್ಪಂದವು ಅವನ್ನು ಕ್ರಮೇಣ ಕೈಬಿಡುವಂತೆ ಕಟ್ಟುಮಾಡಿತು. ನೀರಿನಲ್ಲಿಯೇ ನಡೆಯುವ ಶ್ರವಣಾತೀತ ಶುದ್ಧಿಯು ಹರಡಲು ಇದೊಂದು ಮುಖ್ಯ ಕಾರಣ. ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಸೇರುವ ವಿದ್ಯಾರ್ಥಿಗಳ ಪೋಷಕರಿಗೂ, ಸ್ವಂತ ಕಾರ್ಯಾಗಾರಗಳನ್ನು ನಡೆಸುತ್ತಿರುವ ಹಿರಿಯ ವಿದ್ಯಾರ್ಥಿಗಳಿಗೂ ಈ ವಿಷಯವು ಸಣ್ಣದಲ್ಲ. ತೊಟ್ಟಿಯ ಬೆಲೆಯನ್ನು ಲೆಕ್ಕಹಾಕುವವರು ಹುಡುಗನ ಶ್ವಾಸಕೋಶದ ಬೆಲೆಯನ್ನೂ ಅದೇ ಪುಟದಲ್ಲಿ ಬರೆಯತಕ್ಕದ್ದು.

ಹಾಗೆಂದು ಇದು ಮಂತ್ರವಲ್ಲ. ರಬ್ಬರು, ಸ್ಪಂಜಿನಂತಹ ಮೆತ್ತನೆಯ ಪದಾರ್ಥಗಳು ಧ್ವನಿಯನ್ನೇ ನುಂಗಿಬಿಡುವುವು. ಪೆಟ್ರೋಲನ್ನು ಈ ತೊಟ್ಟಿಗೆ ಎಂದಿಗೂ ಸುರಿಯಲಾಗದು. ನಡೆಯುತ್ತಿರುವ ತೊಟ್ಟಿಗೆ ಕೈಯನ್ನೂ ಇಡಲಾಗದು. ಕ್ಷಾರವು ತೀಕ್ಷ್ಣವಾದರೆ ಅಲ್ಯೂಮಿನಿಯಂ ಕರಗುವುದು. ಹೊಸ ನೀರಿನಲ್ಲಿ ಬೆರೆತ ಗಾಳಿಯನ್ನು ಮೊದಲು ಹೊರಗೆಡಹದಿದ್ದರೆ ಗುಳ್ಳೆಗಳ ಪೆಟ್ಟು ಮೆತ್ತಗಾಗುವುದು. ಸಾಮಾನ್ಯವಾಗಿ 50ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖವು ಹಿತವಾದುದು, ಕುದಿಯುವತ್ತ ಹೋದರೆ ಫಲವು ಕುಗ್ಗುವುದು. ಶುಚಿಯಾದ ಉಕ್ಕನ್ನು ತೊಳೆದು ಒಣಗಿಸಿ ಕೂಡಲೇ ರಕ್ಷಕ ಎಣ್ಣೆಯನ್ನು ಲೇಪಿಸದಿದ್ದರೆ ಬೇಗನೆ ತುಕ್ಕು ಹಿಡಿಯುವುದು, ಏಕೆಂದರೆ ಅದನ್ನು ಕಾಯುತ್ತಿದ್ದ ಜಿಡ್ಡೂ ಹೋಗಿರುವುದು.

ತೊಟ್ಟಿಯು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಗ್ಗದ ಪರೀಕ್ಷೆಯೊಂದುಂಟು. ಅಡಿಗೆಮನೆಯ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ನೆಟ್ಟಗೆ ಇಳಿಬಿಟ್ಟು ಒಂದು ನಿಮಿಷ ಯಂತ್ರವನ್ನು ನಡೆಯಿಸಿದರೆ ಹಾಳೆಯ ಮೇಲೆಲ್ಲ ಸಣ್ಣ ಕುಳಿಗಳೂ ತೂತುಗಳೂ ಬೀಳುವುವು. ಒಂದು ಭಾಗದಲ್ಲಿ ಬಿದ್ದು ಇನ್ನೊಂದು ಭಾಗದಲ್ಲಿ ಬೀಳದಿದ್ದರೆ ಅಲ್ಲಿ ಧ್ವನಿಯು ಸಮನಾಗಿ ಹರಡಿಲ್ಲವೆಂದು ತಿಳಿದು, ಬುಟ್ಟಿಯನ್ನು ತೊಟ್ಟಿಯೊಳಗೆ ಮೆಲ್ಲನೆ ಮೇಲೆ ಕೆಳಗೆ ಆಡಿಸುತ್ತಿರಬೇಕು.