ನಿಮ್ಮ ಬೀದಿಯ ಫುಟ್‌ಪಾತ್ ಸರಿಯಾಗಬೇಕೆ? ಅರ್ಜಿ ಹೀಗಿರಲಿ

ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಬೆಂಗಳೂರು ನಗರದ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20ರಂದು. ಇಂದಿರಾನಗರ, ಹಲಸೂರಿನವರಿಗೆ ಅಂದಿನಿಂದ ರೈಲು ಹತ್ತಿರವಾಯಿತು. ನಿಲ್ದಾಣದ ಮೆಟ್ಟಿಲಿಳಿದು ಮನೆ ಸೇರುವ ದಾರಿ ಮಾತ್ರ ಹಾಗೇ ಉಳಿಯಿತು. ಈ ಬಗ್ಗೆ ಗೊಣಗುವವರಿಗೆ ಯಾವ ಬೀದಿಯಲ್ಲೂ ಬರವಿಲ್ಲ, ಲಿಖಿತ ಅರ್ಜಿ ಕೊಡುವವರು ಕಡಿಮೆ. ಕೊಟ್ಟರೂ ‘ನಮ್ಮ ಬಡಾವಣೆಗೆ ಮೂಲಸೌಕರ್ಯ ಒದಗಿಸಬೇಕಾಗಿ ವಿನಂತಿ’ ಎಂಬ ಧಾಟಿ. ಅದನ್ನು ಹಿಡಿದು ಯಾವ ಎಂಜಿನಿಯರೂ ಅಂದಾಜು ಪಟ್ಟಿ ಮಾಡಲಾರರು. ಅಂದಾಜು ಪಟ್ಟಿ ಇಲ್ಲದೆ ಕಡತ ಅಲುಗುವುದಿಲ್ಲ.

ಟೇಪು ಹಿಡಿದು ಹೊರಡಿ

ಒಂದೇ ಒಂದು ದಾರಿ ಆರಿಸಿ. ಮೆಟ್ರೊದಿಂದ ಮಾರುಕಟ್ಟೆಗೋ, ಬಸ್ ನಿಲ್ದಾಣದಿಂದ ಶಾಲೆಗೋ, ಇನ್ನೂರು ಮುನ್ನೂರು ಮೀಟರ್ ಸಾಕು. ಬೆಳಿಗ್ಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ನಡೆಯಿರಿ. ಸಾಧ್ಯವಾದರೆ ಮಂಡಿನೋವಿನ ಅಜ್ಜಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಮಗೆ ಕಾಣದ್ದು ಅವರ ಕಾಲಿಗೆ ಗೊತ್ತಾಗುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಆರಡಿ ಅಗಲ, ಅರ್ಧ ಅಡಿ ಎತ್ತರ. ನಮ್ಮಲ್ಲಿ ಮೊಣಕಾಲೆತ್ತರದ ಫುಟ್‌ಪಾತುಗಳಿವೆ, ಅವನ್ನು ಹತ್ತುವುದಕ್ಕಿಂತ ರಸ್ತೆಯಲ್ಲಿ ನಡೆಯುವುದೇ ವಾಸಿ ಎಂದು ಜನ ಇಳಿದುಬಿಡುತ್ತಾರೆ. ಎಲ್ಲೆಲ್ಲಿ ಚಪ್ಪಡಿ ಮುರಿದಿದೆ, ಯಾವ ಗೇಟಿನ ಕಾರ್ ರ‍್ಯಾಂಪು ದಾರಿ ನುಂಗಿದೆ, ಯಾವ ಕಂಬದ ದೀಪ ಉರಿಯುತ್ತಿಲ್ಲ, ಎಲ್ಲವನ್ನೂ ಬರೆದುಕೊಳ್ಳಿ. ‘ಚಪ್ಪಡಿ ಹಾಳಾಗಿವೆ’ ಎನ್ನಬೇಡಿ. ‘ಔಷಧಿ ಅಂಗಡಿಯಿಂದ ಮೂಲೆಯ ಬೇಕರಿವರೆಗೆ ಒಂಬತ್ತು ಚಪ್ಪಡಿ ಮುರಿದಿವೆ, ಎರಡು ಇಲ್ಲವೇ ಇಲ್ಲ’ ಎಂದು ಬರೆಯಿರಿ, ಫೋಟೊ ಲಗತ್ತಿಸಿ. ದೀಪದ ದೂರಿಗೆ ಕಂಬದ ಸಂಖ್ಯೆ ಕೊಡಿ.

ಯಾವ ಬಾಗಿಲು?

ಗೊಂದಲ ಇಲ್ಲೇ ಹೆಚ್ಚು. ಬಿಬಿಎಂಪಿ ಕಾಲದಲ್ಲಿ ಶಿವಾಜಿನಗರ, ಹಲಸೂರು, ಇಂದಿರಾನಗರ ಪೂರ್ವ ವಲಯದಲ್ಲಿದ್ದವು, ಕೆ.ಆರ್. ಪುರ ಮಹದೇವಪುರ ವಲಯದಲ್ಲಿತ್ತು. 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದ ಮೇಲೆ ಮೊದಲಿನ ಮೂರು ಬೆಂಗಳೂರು ಕೇಂದ್ರ ನಗರ ಪಾಲಿಕೆಗೆ ಸೇರಿವೆ, ‘ಪೂರ್ವ’ ಎಂಬ ಹೆಸರು ಕೆ.ಆರ್. ಪುರದ ಕಡೆಗೆ ಹೋಗಿದೆ. ವಾರ್ಡ್ ಗಡಿಗಳೂ ಬದಲಾಗಿವೆ. ಹಳೆಯ ವಾರ್ಡ್ ಸಂಖ್ಯೆ ಹಾಕಿದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಒಳರಸ್ತೆ, ಮೋರಿ, ಫುಟ್‌ಪಾತ್ ವಾರ್ಡ್ ಎಂಜಿನಿಯರ್ ಹೊಣೆ. ಒಳಚರಂಡಿ ಉಕ್ಕಿದರೆ ಜಲಮಂಡಳಿ (1916), ದಾರಿಗೆ ಅಡ್ಡವಾದ ಟ್ರಾನ್ಸ್‌ಫಾರ್ಮರಿಗೆ ಬೆಸ್ಕಾಂ (1912), ಪಾಲಿಕೆಯ ಮಾಮೂಲಿ ದೂರುಗಳಿಗೆ 1533. ಜೀಬ್ರಾ ಪಟ್ಟೆ, ಸಿಗ್ನಲ್ ಕೇಳುವುದಿದ್ದರೆ ಸಂಚಾರ ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. ಹಲಸೂರು ಕೆರೆಯ ಸುತ್ತ ರಕ್ಷಣಾ ಇಲಾಖೆಯ ಜಾಗವೂ ಇದೆ, ಅಲ್ಲಿ ಪಾಲಿಕೆಗೆ ಕೈಹಾಕಲಾಗದು. ಕೆ.ಆರ್. ಪುರದಲ್ಲಿ ಹೆದ್ದಾರಿ, ರೈಲ್ವೆ, ಮೆಟ್ರೊ ಮೂರೂ ಒಂದೆಡೆ ಕೂಡುತ್ತವೆ. ಆ ಜಾಗ ಯಾರದೆಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ವ್ಯಾಪಾರಿಗಳನ್ನು ಮರೆಯಬೇಡಿ

‘ಫುಟ್‌ಪಾತ್ ತೆರವು ಮಾಡಿಸಿ’ ಎಂದು ಒಂದೇ ಸಾಲು ಬರೆಯುವುದು ಸುಲಭ. ಆದರೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎತ್ತಂಗಡಿ ಮಾಡುವಂತಿಲ್ಲ. ಅಲ್ಲದೆ ರಸೆಲ್ ಮಾರುಕಟ್ಟೆಯ ಸುತ್ತಲಿನ ಶಿವಾಜಿನಗರದಲ್ಲಿ ಗಾಡಿಗಳೇ ಇರಬಾರದು ಎನ್ನುವುದು ನನ್ನ ಮಟ್ಟಿಗೆ ಹುಚ್ಚು ಮಾತು. ನಡೆಯಲು ಇಷ್ಟು, ಗಾಡಿಗೆ ಇಷ್ಟು ಎಂದು ಗೆರೆ ಎಳೆಸಿಕೊಡಿ ಎಂದು ಕೇಳಿ, ಅರ್ಜಿಗೆ ಹೂವಿನವರ, ತರಕಾರಿಯವರ ಸಹಿಯನ್ನೂ ಹಾಕಿಸಿ. ಅರ್ಜಿಗೆ ಬೀದಿಯ ಪೂರ್ತಿ ಬೆಂಬಲ ಸಿಗುತ್ತದೆ.

ಕೊಡುವುದು, ಹಿಂದೆ ಬೀಳುವುದು

ಅರ್ಜಿ ಒಂದು ಪುಟ ಮೀರದಿರಲಿ. ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಆ ನಂಬರ್ ಇಲ್ಲದಿದ್ದರೆ ನೀವು ಅರ್ಜಿ ಕೊಟ್ಟೇ ಇಲ್ಲವೆಂದೇ ಲೆಕ್ಕ. ಬಜೆಟ್ ವರ್ಷ ಏಪ್ರಿಲ್‌ಗೆ ಆರಂಭವಾಗುವುದರಿಂದ ಹೊಸ ಕಾಮಗಾರಿಯ ಕೋರಿಕೆ ಡಿಸೆಂಬರಿನೊಳಗೆ ತಲುಪಿದರೆ ಒಳ್ಳೆಯದು. ಅರ್ಜಿಯ ಒಂದು ಪ್ರತಿಯನ್ನು ವಾರ್ಡ್ ಸಮಿತಿಗೂ ಕೊಡಿ. ರಸ್ತೆ ಇತ್ತೀಚೆಗೆ ಆಗಿದ್ದರೆ ದೋಷ ಹೊಣೆಗಾರಿಕೆ ಅವಧಿ ಮುಗಿದಿದೆಯೇ ಎಂದು ವಿಚಾರಿಸಿ. ಮುಗಿದಿರದಿದ್ದರೆ ದುರಸ್ತಿ ಗುತ್ತಿಗೆದಾರನ ಖರ್ಚು, ಅದಕ್ಕೆ ಹೊಸ ಅನುದಾನ ಬೇಕಿಲ್ಲ.

ತಿಂಗಳಾದರೂ ಉತ್ತರವಿಲ್ಲವೇ? ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇನ್‌ವರ್ಡ್ ನಂಬರ್ ಬರೆದು, ಏನು ಕ್ರಮ ಆಗಿದೆ, ಅಂದಾಜು ಪಟ್ಟಿಯ ಪ್ರತಿ, ಕಾಮಗಾರಿಯ ಜಾಬ್ ಕೋಡ್ ಕೇಳಿದರೆ ಸಾಕು. ಉತ್ತರಕ್ಕೆ 30 ದಿನ, ಬಾರದಿದ್ದರೆ ಮೊದಲ ಮೇಲ್ಮನವಿ.

ಕೆಲಸ ಶುರುವಾದ ದಿನ ಬೀದಿಯಲ್ಲಿ ಯಾರಾದರೂ ಒಬ್ಬರು ಇರಿ. ಮೋರಿಯ ಹೂಳನ್ನು ಚಪ್ಪಡಿ ಮುಚ್ಚುವ ಮೊದಲೇ ತೆಗೆಸಿ, ತೆಗೆದ ಹೂಳು ಅಲ್ಲೇ ಬಿದ್ದಿರದಂತೆ ಅದೇ ದಿನ ಸಾಗಿಸಲು ಹೇಳಿ. ಚಪ್ಪಡಿ ಕೂತು ಸಿಮೆಂಟು ಬಿದ್ದ ಮೇಲೆ ಮುಂದಿನ ಮಳೆಗಾಲದವರೆಗೆ ಯಾರೂ ಅದನ್ನು ಎತ್ತುವುದಿಲ್ಲ.