ಗೊರಕೆ ಎಂದರೆ ಗಾಢ ನಿದ್ರೆಯಲ್ಲ



"ತಲೆಯಿಟ್ಟರೆ ಸಾಕು, ಗೊರಕೆ. ಪುಣ್ಯವಂತರು!" ಎಂದು ನಮ್ಮ ಬಾಗೂರು, ಹೊಸದುರ್ಗದ ಕಡೆ ಹೇಳುವುದುಂಟು. ಆದರೆ ಮೈತೂಕ ಹೆಚ್ಚಿರುವವರ ಜೋರು ಗೊರಕೆ ಉಸಿರಾಟದ ತೊಂದರೆಯ ಸೂಚನೆಯಾಗಿರಬಹುದು.

ಕತ್ತಿನ ಸುತ್ತ ಕೊಬ್ಬು ಸೇರಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಹೀಗೆ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಲ್ಲುವುದನ್ನು 'ಸ್ಲೀಪ್ ಆಪ್ನಿಯಾ' ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಬೆಚ್ಚಿ ಎಬ್ಬಿಸಿದಾಗ ಉಸಿರು ಮತ್ತೆ ಬರುತ್ತದೆ. ಇದು ರಾತ್ರಿಯಿಡೀ ನಡೆದರೂ ರೋಗಿಗೆ ಬೆಳಿಗ್ಗೆ ನೆನಪಿರುವುದಿಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಆದ್ದರಿಂದ ಪಕ್ಕದಲ್ಲಿ ಮಲಗುವವರೇ ಮುಖ್ಯ ಸಾಕ್ಷಿ. ಇವನ್ನು ಗಮನಿಸಿ:

1. ಗೊರಕೆ ಥಟ್ಟನೆ ನಿಂತು, ಸ್ವಲ್ಪ ಹೊತ್ತಿನ ನಂತರ ಉಸಿರುಗಟ್ಟಿದಂತೆ ಶಬ್ದ ಬರುತ್ತದೆಯೇ?
2. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಾರೆಯೇ?
3. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು ಇದೆಯೇ?
4. ಹಗಲು ಬಸ್ಸಿನಲ್ಲಿ, ಮಾತಿನ ನಡುವೆ ತೂಕಡಿಸುತ್ತಾರೆಯೇ?

ಸಾಧ್ಯವಾದರೆ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ.

ಅಳತೆಗಳೂ ಬೇಕು. ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿ. 85 ಕಿಲೋ ತೂಕ, 1.65 ಮೀಟರ್ ಎತ್ತರವಿದ್ದರೆ ಉತ್ತರ ಸುಮಾರು 31. ಭಾರತೀಯರಲ್ಲಿ 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ. ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಮೀರಿದ್ದರೂ ಎಚ್ಚರಿಕೆ ಬೇಕು. ಗಂಡಸರಲ್ಲಿ ಇದು ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೆಚ್ಚುತ್ತದೆ. ತೆಳ್ಳಗಿರುವವರಿಗೂ ಬರಬಹುದು.

ಖಚಿತಪಡಿಸಲು ನಿದ್ರಾ ಪರೀಕ್ಷೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಮಲಗಿದಾಗ ಉಸಿರು, ಆಮ್ಲಜನಕ, ಹೃದಯ ಬಡಿತವನ್ನು ದಾಖಲಿಸುತ್ತಾರೆ, ನೋವಿಲ್ಲ. ಗಂಟೆಗೆ 5ರಿಂದ 15 ಬಾರಿ ಉಸಿರು ನಿಂತರೆ ಅಥವಾ ತೀರಾ ಕುಗ್ಗಿದರೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. ತುಂಬಾ ದಪ್ಪವಿರುವ ಕೆಲವರಿಗೆ ಹಗಲಿನಲ್ಲೂ ಉಸಿರಾಟ ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಇದಕ್ಕೆ ರಕ್ತ ಪರೀಕ್ಷೆ ಮಾಡುತ್ತಾರೆ.

ಹೆದರಬೇಡಿ, ಚಿಕಿತ್ಸೆಯಿದೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಸಹಾಯಕ. ಮೂಗಿಗೆ ಮಾಸ್ಕ್ ಹಾಕಿ ಗಾಳಿಯ ಒತ್ತಡದಿಂದ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ 1981ರಿಂದ ಬಳಕೆಯಲ್ಲಿದೆ.

ಮರೆಯಬೇಡಿ:

* ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ಬೇಡ. ಮದ್ಯವಂತೂ ಬೇಡವೇ ಬೇಡ.
* ಹಗಲು ತೂಕಡಿಸುವವರು ಲಾರಿ, ಟ್ರ್ಯಾಕ್ಟರ್, ಬೈಕ್ ಓಡಿಸಬಾರದು.
* ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ವೈದ್ಯರಿಗೆ ಗೊರಕೆಯ ವಿಷಯ ಮೊದಲೇ ತಿಳಿಸಿ. ಅರಿವಳಿಕೆಯ ಮತ್ತು ಇಳಿಯುವ ತನಕ ಉಸಿರು ನಿಲ್ಲುವ ಅಪಾಯ ಹೆಚ್ಚು.
* ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ ವಾರ್ಡಿನಲ್ಲಿ ತಕ್ಷಣ ದಾದಿಯನ್ನು ಕರೆಯಿರಿ. ಮನೆಯಲ್ಲಾದರೆ 108ಕ್ಕೆ ಕರೆ ಮಾಡಿ.

"ಗೊರಕೆಯ ಮಾತನ್ನು ಡಾಕ್ಟರಿಗೆ ಹೇಳುವುದೇ?" ಎಂದು ನಾಚಬೇಡಿ. ನೀವು ರಾತ್ರಿ ಕಂಡದ್ದನ್ನು ಬೆಳಿಗ್ಗೆ ವೈದ್ಯರು ಬಂದಾಗ ಹೇಳಿ. ರೋಗಿ ತಾನಾಗಿ ಹೇಳಲಾರದ್ದು ಅದೊಂದೇ.